ಇಪ್ಪತ್ತೆರಡು ತಿಂಗಳ ಮಗನಿಗೆ ಆಟಿಕೆ ಬೇಡ, ಡಬ್ಬಿಯ ಮುಚ್ಚಳವೇ ಬೇಕು: ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ?

ತುಂಗಭದ್ರೆ, ದಾವಣಗೆರೆ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಇಪ್ಪತ್ತೆರಡು ತಿಂಗಳು. ಹುಟ್ಟುಹಬ್ಬಕ್ಕೆ ಬಂದ ಆಟಿಕೆಗಳೇ ಒಂದು ಅಕ್ಕಿಚೀಲ ತುಂಬುವಷ್ಟಿವೆ. ಗುಂಡಿ ಒತ್ತಿದರೆ ಹಾಡುವ ರೈಲು, ಇಂಗ್ಲಿಷ್ ಅಕ್ಷರ ಹೇಳಿಕೊಡುವ ಪುಟ್ಟ ಕಂಪ್ಯೂಟರ್, ಬೊಗಳುವ ನಾಯಿಮರಿ ಎಲ್ಲವೂ ಇವೆ. ಅವನು ಅವುಗಳನ್ನು ಎರಡು ನಿಮಿಷ ಕೈಯಲ್ಲಿ ಹಿಡಿದು, ಬಿಸಾಡಿ, ನೇರವಾಗಿ ಅಡುಗೆಮನೆಗೆ ಬರುತ್ತಾನೆ. ಅಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಅಂಚಿನ ಮೇಲೆ ನಿಲ್ಲಿಸಿ ಕೈ ಬಿಡುತ್ತಾನೆ. ಅದು ಗಿರಕಿ ಹೊಡೆದು, ಗಣಗಣ ಸದ್ದು ಮಾಡುತ್ತ ನೆಲಕ್ಕೆ ಮಲಗುವ ತನಕ ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ನೋಡುತ್ತಾನೆ. ಮತ್ತೆ ಎತ್ತುತ್ತಾನೆ, ಮತ್ತೆ ಬಿಡುತ್ತಾನೆ. ನಿನ್ನೆ ಎಣಿಸಿದೆ, ಹದಿನೇಳು ಸಲ.

ಅತ್ತೆಯವರಿಗೆ ಗಂಡುಮಗು ಪಾತ್ರೆ ಪಡಗ ಹಿಡಿದು ಕೂರುವುದು ಇಷ್ಟವಾಗುವುದಿಲ್ಲ. ಪಕ್ಕದ ಮನೆಯವರು, ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುವ ಮಕ್ಕಳಿಗೆ ಆಟಿಸಂ ಇರುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ತೋರಿಸಿದರು. ನನ್ನ ಮಗ ಅದನ್ನೂ ಮಾಡುತ್ತಾನೆ. ಎರಡು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಮಗು ಯಾವ ಆಟಿಕೆಯನ್ನು ಆರಿಸಿಕೊಳ್ಳುತ್ತದೆ ಎಂಬುದರಿಂದ ಅದರ ಬೆಳವಣಿಗೆಯ ಬಗ್ಗೆ ನಿಜವಾಗಿ ಏನಾದರೂ ತಿಳಿಯುತ್ತದೆಯೇ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಅಜ್ಜಿಯ ಅಂಗಳ, ಮೈಸೂರು

ಮೊದಲು ನಿದ್ದೆ ಮಾಡು ತಾಯಿ. ನಾನು ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಬೆಳೆಸಿದ್ದೇನೆ. ಅವರಲ್ಲಿ ಒಬ್ಬರೂ ಒಗ್ಗರಣೆ ಡಬ್ಬಿಯನ್ನು ಬಿಟ್ಟವರಲ್ಲ. ಸಾಸಿವೆ, ಜೀರಿಗೆ, ಮೆಂತ್ಯದ ಬಟ್ಟಲುಗಳನ್ನು ಖಾಲಿ ಮಾಡಿ ಡಬ್ಬಿಯನ್ನು ಕೊಟ್ಟರೆ, ಏಳು ಬಟ್ಟಲುಗಳನ್ನು ತೆಗೆದು ಮತ್ತೆ ಕೂರಿಸುವುದರಲ್ಲಿ ಒಂದು ಗಂಟೆ ಕಳೆಯುತ್ತಿದ್ದರು. ಗಂಡು ಹೆಣ್ಣು ಎಂಬ ಮಾತೇ ಅಲ್ಲಿ ಬರುತ್ತಿರಲಿಲ್ಲ.

ಹಳೆಯ ಮೇಷ್ಟ್ರು, ಧಾರವಾಡ

ಅಜ್ಜಿಯವರು ಹೇಳಿದ ಒಗ್ಗರಣೆ ಡಬ್ಬಿಯ ಆಟಕ್ಕೆ ಶಿಕ್ಷಣಶಾಸ್ತ್ರದಲ್ಲಿ ದೊಡ್ಡ ಜಾಗವಿದೆ. ಎಲಿನರ್ ಗೋಲ್ಡ್‌ಶ್ಮೀಡ್ ಎಂಬ ಬ್ರಿಟಿಷ್ ಶಿಕ್ಷಣತಜ್ಞೆ, ಕುಳಿತುಕೊಳ್ಳಲು ಕಲಿತ ಕೂಸುಗಳ ಮುಂದೆ ಮರದ ಸೌಟು, ಲೋಹದ ಬಟ್ಟಲು, ಕುಂಚ, ಬಟ್ಟೆ ಮುಂತಾದ ಮನೆಬಳಕೆಯ ವಸ್ತುಗಳ ಬುಟ್ಟಿಯನ್ನು ಇಡುವ ಪದ್ಧತಿಯನ್ನು ಬೆಳೆಸಿದರು. ಪ್ಲಾಸ್ಟಿಕ್ ಆಟಿಕೆಗಳೆಲ್ಲ ಕೈಗೆ ಹೆಚ್ಚುಕಡಿಮೆ ಒಂದೇ ರೀತಿ ಸಿಗುತ್ತವೆ, ಆದರೆ ಸ್ಟೀಲು ತಣ್ಣಗಿದ್ದು ಭಾರವಾಗಿರುತ್ತದೆ, ಮರ ಬೆಚ್ಚಗಿರುತ್ತದೆ, ತೆಂಗಿನ ನಾರು ಚುಚ್ಚುತ್ತದೆ ಎಂಬುದು ಅವರ ಯೋಚನೆಯ ತಿರುಳು.

ಇನ್ನು ಹದಿನೇಳು ಸಲ ಮುಚ್ಚಳ ಬಿಡುವುದರ ವಿಷಯ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಸ್ವಂತ ಮಕ್ಕಳನ್ನು ಗಮನಿಸಿ, ಒಂದು ವರ್ಷ ದಾಟಿದ ಮಗು ವಸ್ತುವನ್ನು ಬೇರೆ ಬೇರೆ ರೀತಿಯಲ್ಲಿ ಬೀಳಿಸಿ ಏನಾಗುತ್ತದೆ ಎಂದು ಪರೀಕ್ಷಿಸುತ್ತದೆ ಎಂಬುದನ್ನು ವಿವರವಾಗಿ ಬರೆದಿದ್ದಾನೆ. ಬ್ರಿಟನ್ನಿನ ಶಿಕ್ಷಣ ಸಂಶೋಧಕಿ ಕ್ರಿಸ್ ಏಥಿ ಅವರು, ಮಕ್ಕಳು ಕೆಲವು ಕಾಲ ಒಂದೇ ಬಗೆಯ ಚಲನೆಗೆ ಅಂಟಿಕೊಳ್ಳುವುದನ್ನು ಗುರುತಿಸಿದರು. ತಿರುಗುವುದರ ಗುಂಗು ಹಿಡಿದ ಮಗು ನಲ್ಲಿ, ಚಕ್ರ, ಮುಚ್ಚಳ ಎಲ್ಲವನ್ನೂ ತಿರುಗಿಸುತ್ತದೆ, ತುಂಬಿ ಸುರಿಯುವುದರ ಗುಂಗಿನಲ್ಲಿರುವ ಮಗು ಮನೆಯ ಚೀಲಗಳನ್ನೆಲ್ಲ ತುಂಬಿಸುತ್ತದೆ. ಆದ್ದರಿಂದ ಮಗು ಯಾವ ವಸ್ತುವನ್ನು ಆರಿಸಿಕೊಂಡಿತು ಎಂಬುದಕ್ಕಿಂತ, ಅದರಿಂದ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು. ನಿಮ್ಮ ಮನೆಯಲ್ಲಿ ಹಳೆಯ ಸೇರು, ಪಾವು, ಚಟಾಕುಗಳಿದ್ದರೆ ಕೊಟ್ಟು ನೋಡಿ. ಯಾವುದರೊಳಗೆ ಯಾವುದು ಕೂರುತ್ತದೆ ಎಂಬ ಲೆಕ್ಕ ಅವನ ಕೈಗೇ ಸಿಗುತ್ತದೆ.

ನೇರ ಮಾತು, ಬೆಂಗಳೂರು

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಆದರೆ ಗಂಡು ಹೆಣ್ಣಿನ ಭೇದವೇ ಇಲ್ಲ ಎನ್ನುವುದು ಸರಿಯಲ್ಲ. 2002ರಲ್ಲಿ ಅಲೆಕ್ಸಾಂಡರ್ ಮತ್ತು ಹೈನ್ಸ್ ಎಂಬ ಸಂಶೋಧಕರು ವರ್ವೆಟ್ ಕೋತಿಗಳ ಮುಂದೆ ಆಟಿಕೆಗಳನ್ನಿಟ್ಟಾಗ, ಗಂಡು ಕೋತಿಗಳು ಚೆಂಡು ಮತ್ತು ಕಾರಿನ ಜೊತೆಗೂ ಹೆಣ್ಣು ಕೋತಿಗಳು ಗೊಂಬೆಯ ಜೊತೆಗೂ ಹೆಚ್ಚು ಹೊತ್ತು ಕಳೆದವು. ಕೋತಿಗಳಿಗೆ ಯಾವ ಅತ್ತೆಯೂ ಬುದ್ಧಿ ಹೇಳಿರುವುದಿಲ್ಲವಲ್ಲ. ನನ್ನ ಮಗಳಿಗೆ ನಾನೇ ಬೇಕೆಂದು ಲಾರಿ ತಂದುಕೊಟ್ಟೆ, ಅವಳು ಅದಕ್ಕೆ ಕರವಸ್ತ್ರ ಹೊದಿಸಿ ಮಲಗಿಸಿದಳು.

ಗುಬ್ಬಿಗೂಡು, ಶಿವಮೊಗ್ಗ

ನೇರ ಮಾತು ಅವರೇ, ಆ ಅಧ್ಯಯನದ ಇನ್ನೊಂದು ವಿವರವನ್ನು ನೀವು ಬಿಟ್ಟಿದ್ದೀರಿ. ಅದರಲ್ಲಿ ಹೆಣ್ಣು ಕೋತಿಗಳು ಹೆಚ್ಚು ಹಿಡಿದುಕೊಂಡ ಇನ್ನೊಂದು ವಸ್ತು ಅಡುಗೆ ಪಾತ್ರೆ. ಒಲೆಯನ್ನೇ ಕಾಣದ ಕೋತಿಗೆ ಪಾತ್ರೆ ಹೆಣ್ಣಿನ ವಸ್ತು ಎಂದು ಹೇಗೆ ತಿಳಿಯಬೇಕು? ಅದರ ಬಣ್ಣವೋ ಆಕಾರವೋ ಸೆಳೆದಿರಬಹುದು, ಅಥವಾ ಹಿಡಿಯಲು ಅನುಕೂಲವಾಗಿದ್ದಿರಬಹುದು. ವಸ್ತುಗಳನ್ನು ಗಂಡಿನದು, ಹೆಣ್ಣಿನದು ಎಂದು ಮೊದಲೇ ವಿಂಗಡಿಸಿದವರು ಮನುಷ್ಯರು.

ಕೂಸುಗಳ ಮೇಲೆಯೇ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹನ್ನೆರಡು, ಹದಿನೆಂಟು ಮತ್ತು ಇಪ್ಪತ್ನಾಲ್ಕು ತಿಂಗಳ 120 ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಅವರು ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾರೆ ಎಂದು ಅಳೆದರು. ಒಟ್ಟಾರೆಯಾಗಿ ಹೆಣ್ಣುಮಕ್ಕಳು ಗೊಂಬೆಯನ್ನೂ ಗಂಡುಮಕ್ಕಳು ಕಾರನ್ನೂ ಹೆಚ್ಚು ನೋಡಿದ್ದು ನಿಜ. ಆದರೆ ಹನ್ನೆರಡು ತಿಂಗಳ ಗಂಡುಕೂಸುಗಳೂ ಹೆಣ್ಣುಕೂಸುಗಳಂತೆ ಗೊಂಬೆಯನ್ನೇ ಹೆಚ್ಚು ನೋಡಿದವು. ಗುಲಾಬಿ ಮತ್ತು ನೀಲಿ ಬಣ್ಣಗಳ ವಿಷಯದಲ್ಲಂತೂ ಆ ವಯಸ್ಸಿನಲ್ಲಿ ಭೇದವೇ ಕಾಣಲಿಲ್ಲ.

ನೇರ ಮಾತು, ಬೆಂಗಳೂರು

ಪಾತ್ರೆಯ ವಿಷಯ ನನಗೆ ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ. ಆದರೂ ಒಲವಿನ ಬೇರು ಸ್ವಲ್ಪ ಮಟ್ಟಿಗೆ ಹುಟ್ಟಿನಲ್ಲೇ ಇದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಾಗೆಂದು ಗಂಡುಮಗುವಿನ ಕೈಯಿಂದ ಪಾತ್ರೆ ಕಿತ್ತುಕೊಳ್ಳಬೇಕು ಎಂದು ನಾನು ಎಂದೂ ಹೇಳುವುದಿಲ್ಲ.

ಮಾತಿನ ಮನೆ, ಹಾಸನ

ನಾನು ಹನ್ನೊಂದು ವರ್ಷಗಳಿಂದ ಮಕ್ಕಳ ವಾಕ್ ಚಿಕಿತ್ಸಕಿಯಾಗಿ ಕೆಲಸ ಮಾಡುತ್ತಿದ್ದೇನೆ. ತುಂಗಭದ್ರೆ ಅವರೇ, ಚಕ್ರ ತಿರುಗಿಸುವುದೊಂದರಿಂದಲೇ ಆಟಿಸಂ ಎಂದು ಯಾರೂ ಹೇಳಲಾರರು. ಈ ವಯಸ್ಸಿನ ಬಹಳಷ್ಟು ಮಕ್ಕಳು ಸ್ವಲ್ಪ ಕಾಲ ಅದನ್ನು ಮಾಡುತ್ತಾರೆ. ನಾವು ನೋಡುವುದು ಆಟದ ಸುತ್ತ ಇರುವ ಬೇರೆ ಸಂಗತಿಗಳನ್ನು. ದಯವಿಟ್ಟು ಇವುಗಳಿಗೆ ಉತ್ತರ ಬರೆಯಿರಿ. ಮುಚ್ಚಳ ಮಲಗಿದ ಮೇಲೆ ಅವನು ನಿಮ್ಮ ಮುಖ ನೋಡುತ್ತಾನೆಯೇ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ? ಗೊಂಬೆಗೆ ಉಣಿಸುವುದು, ಖಾಲಿ ಲೋಟದಿಂದ ಕುಡಿದಂತೆ ನಟಿಸುವುದು ಇದೆಯೇ? ಆಟ ನಿಲ್ಲಿಸಿದರೆ ಬೇರೆಯದಕ್ಕೆ ಹೊರಳುತ್ತಾನೆಯೇ, ಇಲ್ಲ ತುಂಬಾ ಹೊತ್ತು ಅಳುತ್ತಾನೆಯೇ? ಎಷ್ಟು ಮಾತು ಆಡುತ್ತಾನೆ? ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತಾನೆಯೇ?

ತುಂಗಭದ್ರೆ, ದಾವಣಗೆರೆ (ಭಾನುವಾರ ರಾತ್ರಿ)

ಇಡೀ ದಿನ ಗಮನಿಸಿ ಬರೆಯುತ್ತಿದ್ದೇನೆ ಮೇಡಂ. ಮುಚ್ಚಳ ಮಲಗಿದಾಗ ಪ್ರತಿ ಸಲವೂ ನನ್ನ ಕಡೆ ನೋಡಿ ನಗುತ್ತಾನೆ. ನಾನು ನೋಡದಿದ್ದರೆ ಸೆರಗು ಎಳೆಯುತ್ತಾನೆ. ಬೆರಳು ತೋರಿಸುತ್ತಾನೆ, ಹಲ್ಲಿ ಕಂಡರೂ ಓಡಿಬಂದು ತೋರಿಸುತ್ತಾನೆ. ಖಾಲಿ ಲೋಟವನ್ನು ಅಜ್ಜನ ಬಾಯಿಗೆ ಹಿಡಿದು ಕುಡಿಸುತ್ತಾನೆ. ಹೊರಗೆ ಕರೆದುಕೊಂಡು ಹೋದರೆ ಮುಚ್ಚಳವನ್ನು ಮರೆಯುತ್ತಾನೆ.

ಮಾತು ಮಾತ್ರ ಕಡಿಮೆ. ಅಮ್ಮ, ಅಪ್ಪ, ತಾತ, ಬಾ, ಹಾಲಿಗೆ ಆಲು, ಬೇಡ ಎನ್ನಲು ಬ್ಯಾ, ಹೀಗೆ ಎಂಟು ಪದಗಳು ಸಿಕ್ಕವು. ಬೆನ್ನ ಹಿಂದಿನಿಂದ ಕರೆದಾಗ ಮೂರು ಸಲದಲ್ಲಿ ಒಂದು ಸಲ ತಿರುಗಿದ. ಆಟದಲ್ಲಿ ಮುಳುಗಿದ್ದಾನೆ ಎಂದು ನಾವು ಇಷ್ಟು ದಿನ ಅಂದುಕೊಂಡಿದ್ದೆವು.

ಮಾತಿನ ಮನೆ, ಹಾಸನ

ನೀವು ಬರೆದದ್ದರಲ್ಲಿ ಬಹಳಷ್ಟು ಸಮಾಧಾನದ ಸಂಗತಿಗಳಿವೆ. ಮುಖ ನೋಡಿ ನಗುವುದು, ಹಲ್ಲಿಯನ್ನು ತೋರಿಸಲು ಓಡಿಬರುವುದು, ತಾತನಿಗೆ ಖಾಲಿ ಲೋಟದಲ್ಲಿ ಕುಡಿಸುವುದು ಇವೆಲ್ಲ ಮಗು ತನ್ನ ಸಂತೋಷವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುತ್ತಿದೆ ಎಂಬುದರ ಗುರುತುಗಳು. ಆದರೂ ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಆಟಿಸಂನ ಸುಳಿವುಗಳಿವೆಯೇ ಎಂದು ನೋಡುವ, ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯಿದೆ. ಮಕ್ಕಳ ವೈದ್ಯರ ಬಳಿ ಅದನ್ನು ಒಮ್ಮೆ ತುಂಬಿಸಿ, ಸಂದೇಹ ಉಳಿಯದಿರಲಿ.

ನನ್ನ ಗಮನ ಹೋದದ್ದು ಬೇರೆ ಎರಡು ಕಡೆಗೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು 50 ಪದಗಳು, ಜೊತೆಗೆ "ಅಮ್ಮ ಬಾ" ಎಂಬಂಥ ಎರಡು ಪದಗಳ ಜೋಡಣೆ ಇರಬೇಕೆಂಬುದು ನಾವು ಬಳಸುವ ಸಾಮಾನ್ಯ ಅಳತೆ. ಅದಕ್ಕೆ ಹೋಲಿಸಿದರೆ ಎಂಟು ಪದ ಕಡಿಮೆಯೇ. ಎರಡನೆಯದು, ಅವನು ಗಣಗಣ ಸದ್ದನ್ನು ಆರಿಸಿಕೊಂಡಿರುವುದು, ಕೆನ್ನೆಯನ್ನು ನೆಲಕ್ಕೆ ಒತ್ತುವುದು ಮತ್ತು ಮೆಲ್ಲಗೆ ಕರೆದರೆ ತಿರುಗದಿರುವುದು. ಮೂರನ್ನೂ ಒಟ್ಟಿಗೆ ನೋಡಿದಾಗ ಮೊದಲು ಕಿವಿಯ ಪರೀಕ್ಷೆ ಆಗಬೇಕು ಎನ್ನಿಸುತ್ತದೆ. ನೆಗಡಿ ಪದೇ ಪದೇ ಬರುತ್ತದೆಯೇ?

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ಕ್ಷಮಿಸಿ ಮೇಡಂ, ಇದು ಅತಿಯಾಯಿತು ಎನ್ನಿಸುತ್ತದೆ. ತಿರುಗುವ ವಸ್ತುವನ್ನು ಕಣ್ಣಿನ ಮಟ್ಟದಲ್ಲಿ ನೋಡಲು ಮಕ್ಕಳು ನೆಲಕ್ಕೆ ಮಲಗುವುದು ಸಹಜ. ನನ್ನ ದೊಡ್ಡ ಮಗ ಆಟದ ಬಸ್ಸಿನ ಚಕ್ರವನ್ನು ಹಾಗೆಯೇ ನೋಡುತ್ತಿದ್ದ. ಎರಡೂವರೆ ವರ್ಷದವರೆಗೆ ಮಾತೇ ಆಡಲಿಲ್ಲ, ಈಗ ಐದನೆಯ ತರಗತಿಯಲ್ಲಿ ಭಾಷಣ ಸ್ಪರ್ಧೆಗೆ ಹೋಗುತ್ತಾನೆ. ಆಟಿಕೆಯ ಬಗ್ಗೆ ಕೇಳಿದ ತಾಯಿಗೆ ಆಸ್ಪತ್ರೆಯ ದಾರಿ ತೋರಿಸಿದರೆ ಅವರ ಗಾಬರಿ ಹೆಚ್ಚುವುದಿಲ್ಲವೇ? ಗಂಡುಮಕ್ಕಳು ತಡವಾಗಿಯೇ ಮಾತಾಡುತ್ತಾರೆ.

ಮಾತಿನ ಮನೆ, ಹಾಸನ

ನಿಮ್ಮ ಮಗನ ವಿಷಯ ಕೇಳಿ ಸಂತೋಷವಾಯಿತು. ಕೆನ್ನೆ ಒತ್ತುವುದು ನೀವು ಹೇಳಿದಂತೆ ಬರೀ ನೋಡುವ ಆಸೆಯೇ ಇರಬಹುದು, ನಾನು ಇಲ್ಲಿ ಕುಳಿತು ನಿರ್ಧರಿಸಲಾರೆ. ಗಂಡುಮಕ್ಕಳ ಮಾತು ಸರಾಸರಿಯಲ್ಲಿ ಸ್ವಲ್ಪ ತಡವಾಗುತ್ತದೆ ಎಂಬುದೂ ನಿಜ. ಆದರೆ ಆ ಒಂದು ಮಾತನ್ನು ನಂಬಿ ಮೂರು, ಮೂರೂವರೆ ವರ್ಷದವರೆಗೆ ಕಾದು, ಆಮೇಲೆ ಕಣ್ಣೀರು ಹಾಕಿದ ಎಷ್ಟೋ ತಾಯಂದಿರನ್ನು ನಾನು ಎದುರು ಕೂರಿಸಿಕೊಂಡಿದ್ದೇನೆ. ಕಿವಿಯ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಕಿವಿ ಚೆನ್ನಾಗಿದ್ದರೆ ಮನಸ್ಸು ನಿರಾಳವಾಗುತ್ತದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಲೆಂದೇ ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸವನ್ನು ಮಾಡುತ್ತಿದೆ.

ಚಿಕ್ಕ ಹೆಜ್ಜೆ, ಹೊಸದುರ್ಗ

ನಾನು ಅಂಗನವಾಡಿ ಕಾರ್ಯಕರ್ತೆ. ಮೇಡಂ ಹೇಳಿದ್ದು ಸರಿ. ಮಗು ಯಾವುದರಲ್ಲಿ ಆಡುತ್ತಿದೆ ಎಂದು ಬರೆದಿಟ್ಟುಕೊಂಡರೆ ನಮಗೇ ಬಹಳಷ್ಟು ತಿಳಿಯುತ್ತದೆ. ನಮ್ಮ ಕೇಂದ್ರಕ್ಕೆ ಬರುವ ಮೂರು ವರ್ಷದ ಮಕ್ಕಳಲ್ಲಿ ಇಬ್ಬರು ಅಕ್ಕಪಕ್ಕ ಕುಳಿತು, ಇಬ್ಬರೂ ಮರಳಿನಲ್ಲೇ ಆಡುತ್ತಿದ್ದರೂ, ಒಬ್ಬರ ಆಟಕ್ಕೆ ಇನ್ನೊಬ್ಬರು ಸೇರುವುದಿಲ್ಲ. ಮೊದಮೊದಲು ಇವರಿಗೆ ಜಗಳವಾಗಿದೆಯೇನೋ ಎಂದು ನಾನು ಯೋಚಿಸುತ್ತಿದ್ದೆ. ತರಬೇತಿಯಲ್ಲಿ ತಿಳಿಯಿತು, ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಇದಕ್ಕೆ ಸಮಾನಾಂತರ ಆಟ ಎಂದು ಹೆಸರಿಟ್ಟು, ಕೂಡಿ ಆಡುವ ಆಟ ನಂತರ ಬರುತ್ತದೆ ಎಂದು ತೋರಿಸಿದ್ದಾಳೆ. ಕೆಲವು ತಿಂಗಳಾದ ಮೇಲೆ ಅದೇ ಇಬ್ಬರು ಒಂದೇ ಗುಂಡಿಯಲ್ಲಿ ಎಲೆ ಹಾಕಿ ಸಾರು ಮಾಡುತ್ತಾರೆ.

ಇನ್ನೊಂದು ಮಾತು. ಅಕ್ಕಿಚೀಲದಷ್ಟು ಆಟಿಕೆಗಳನ್ನು ಒಮ್ಮೆಗೇ ಸುರಿಯಬೇಡಿ. ನಾನು ನಾಲ್ಕೈದನ್ನು ಮಾತ್ರ ಹೊರಗಿಟ್ಟು, ಉಳಿದವನ್ನು ಬೀರುವಿನಲ್ಲಿ ಇಡುತ್ತೇನೆ, ವಾರಕ್ಕೊಮ್ಮೆ ಬದಲಾಯಿಸುತ್ತೇನೆ.

ಹಳೆಯ ಮೇಷ್ಟ್ರು, ಧಾರವಾಡ

ನೀವು ಅನುಭವದಿಂದ ಕಂಡುಕೊಂಡದ್ದನ್ನೇ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದಾರೆ ತಂಗಿ. 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು, ಇನ್ನೊಮ್ಮೆ ಹದಿನಾರು ಆಟಿಕೆಗಳ ನಡುವೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು.

ಗುಬ್ಬಿಗೂಡು, ಶಿವಮೊಗ್ಗ

ಹಾಡುವ ಆಟಿಕೆಗಳ ಬಗ್ಗೆ ಯಾರೂ ಹೇಳಲಿಲ್ಲ, ಮಾತಿನ ಪ್ರಶ್ನೆ ಬಂದಿರುವುದರಿಂದ ಅದೇ ಮುಖ್ಯ. 2016ರಲ್ಲಿ ಅಮೆರಿಕದ ಆರಿಜೋನಾದಲ್ಲಿ 26 ಕುಟುಂಬಗಳಲ್ಲಿ, ಹತ್ತರಿಂದ ಹದಿನಾರು ತಿಂಗಳ ಮಕ್ಕಳ ಜೊತೆ ದೊಡ್ಡವರು ಆಡುವಾಗಿನ ಮಾತನ್ನು ಧ್ವನಿಮುದ್ರಿಸಿ ಎಣಿಸಿದ ಅಧ್ಯಯನ ಬಂದಿತು. ಪುಸ್ತಕ ಹಿಡಿದಾಗ ದೊಡ್ಡವರು ನಿಮಿಷಕ್ಕೆ ಸುಮಾರು 67 ಪದ ಆಡಿದರು. ಮರದ ಜೋಡಣೆಯಂಥ ಸಾದಾ ಆಟಿಕೆಗಳಲ್ಲಿ 56, ಬ್ಯಾಟರಿಯ ಆಟಿಕೆಗಳಲ್ಲಿ 40 ಮಾತ್ರ. ಆಟಿಕೆ ಹಾಡಲು ತೊಡಗಿದರೆ ತಾಯಿ ಸುಮ್ಮನಾಗುತ್ತಾಳೆ. ರೈಲನ್ನು ಎಸೆಯಬೇಕಾಗಿಲ್ಲ, ಬ್ಯಾಟರಿಯನ್ನು ತೆಗೆದು ನೀವೇ "ಕೂ" ಎಂದು ಕೂಗಿ.

ಅರಗಿನ ಬಣ್ಣ, ಚನ್ನಪಟ್ಟಣ

ಬ್ಯಾಟರಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಗುಂಡಿಯಾಕಾರದ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ, ತೆಗೆದ ಬ್ಯಾಟರಿಗಳನ್ನು ಎತ್ತರದಲ್ಲಿಡಿ, ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು ತರಲೇಬೇಡಿ.

ನಮ್ಮದು ಮೂರು ತಲೆಮಾರಿನಿಂದ ಆಟಿಕೆ ಮಾಡುವ ಮನೆ. ಹಾಲೆ ಮರವನ್ನು ಒಣಗಿಸಿ, ಲೇತ್‌ಗೆ ಕೂರಿಸಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿದರೆ, ಆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಲ್ಲಿ ತೀಡಿ ಹೊಳಪು ತರುತ್ತೇವೆ. ನನ್ನ ತಂದೆಯವರು ಗಿಲಕಿ ಮಾಡುವಾಗ ತಮ್ಮ ಹೆಬ್ಬೆರಳಿನಿಂದ ಹಿಡಿಯ ಸುತ್ತ ಎರಡು ಸಲ ಸವರಿ ನೋಡುತ್ತಿದ್ದರು. ಕೂಸು ಮೊದಲು ಬಾಯಿಗೆ ಇಡುತ್ತದೆ, ಆದ್ದರಿಂದ ಅಂಚು ತುಟಿಗೆ ತಾಗಬಾರದು ಎನ್ನುತ್ತಿದ್ದರು. ಈ ಮಗುವಿಗೆ ತಿರುಗುವುದು ಇಷ್ಟವಾದರೆ ಬುಗುರಿಗೆ ಇನ್ನೂ ಸ್ವಲ್ಪ ಕಾಯಬೇಕು, ಕೋಲಿಗೆ ದೊಡ್ಡ ಬಳೆಗಳನ್ನು ಪೋಣಿಸುವ ಆಟಿಕೆ ಈಗಲೇ ಸರಿಹೊಂದುತ್ತದೆ. ಬಳೆ ನೆಲದ ಮೇಲೂ ಉರುಳುತ್ತದೆ. ಕೊಳ್ಳುವಾಗ ಬಣ್ಣ ಅರಗಿನದೇ ಎಂದು ಕೇಳಿ ತೆಗೆದುಕೊಳ್ಳಿ.

ನೇರ ಮಾತು, ಬೆಂಗಳೂರು

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಲ್ಲವೇ? ನಿಮ್ಮ ಆಟಿಕೆಗಳಲ್ಲಿ ಅದು ಕಾಣುವುದಿಲ್ಲ.

ಅರಗಿನ ಬಣ್ಣ, ಚನ್ನಪಟ್ಟಣ

ಕಡ್ಡಾಯ ಹೌದು ಸರ್, ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಒಂದು ಊರಿನ ವಿಶೇಷ ವಸ್ತು ಎಂಬ ಭೌಗೋಳಿಕ ಗುರುತಿನ (ಜಿಐ) ನೋಂದಣಿ ಪಡೆದ ಆಟಿಕೆಗಳಿಗೂ ಅದೇ ಆದೇಶದ ತಿದ್ದುಪಡಿಯಲ್ಲಿ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಆ ಭೌಗೋಳಿಕ ಗುರುತು ಇದೆ.

ದೂರದ ದೀಪ, ಟೊರಾಂಟೊ

ಮಗುವನ್ನು ಒಳಗೆ ಕೂರಿಸಿ ಓಡಾಡಿಸುವ ಚಕ್ರದ ವಾಕರ್ ಆ ಚೀಲದಲ್ಲಿದ್ದರೆ ಯಾರಿಗೂ ದಾಟಿಸಬೇಡಿ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷಿದ್ಧ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುತ್ತದೆ, ನಡೆಯಲು ಕಲಿಯುವುದಕ್ಕೂ ಅದರಿಂದ ಸಹಾಯವಾಗುವುದಿಲ್ಲ. ನಮ್ಮ ಊರಿನಲ್ಲಿ ಮಗು ನಿಂತುಕೊಂಡು ತಳ್ಳುತ್ತಿದ್ದ ಮರದ ಮೂರು ಗಾಲಿಯ ಗಾಡಿಯೇ ಎಷ್ಟೋ ಮೇಲು.

ಅಜ್ಜಿಯ ಅಂಗಳ, ಮೈಸೂರು

ಆ ಗಾಡಿಯ ಗಾಲಿಯ ಕಿರ್ರೆನ್ನುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎಣ್ಣೆ ಹಾಕಬೇಡ ಎನ್ನುತ್ತಿದ್ದರು ನಮ್ಮ ಅತ್ತೆ, ಸದ್ದು ನಿಂತರೆ ಮಗು ಎಲ್ಲಿದೆ ಎಂದು ತಿಳಿಯುವುದಿಲ್ಲವಂತೆ. ಅದಿರಲಿ, ಮಗುವಿನ ಕಿವಿ ತೋರಿಸಿದೆಯಾ ತಾಯಿ?

ತುಂಗಭದ್ರೆ, ದಾವಣಗೆರೆ (ಮರುವಾರ, ಶುಕ್ರವಾರ)

ತೋರಿಸಿಕೊಂಡು ಬಂದೆವು ಅಜ್ಜಿ. ಎಂ-ಚಾಟ್ ಪಟ್ಟಿಯಲ್ಲಿ ಚಿಂತಿಸುವಂಥದ್ದು ಏನೂ ಬರಲಿಲ್ಲ. ಆದರೆ ಎರಡೂ ಕಿವಿಗಳಲ್ಲಿ, ಪರದೆಯ ಹಿಂದೆ ನೀರು ನಿಂತಿದೆ. ಮಳೆಗಾಲದಿಂದಲೂ ಅವನಿಗೆ ನೆಗಡಿ ಬಿಟ್ಟಿರಲಿಲ್ಲ. ನೋವು ಇಲ್ಲದ್ದರಿಂದ ನಮಗೆ ಗೊತ್ತೇ ಆಗಲಿಲ್ಲ. ಕಿವಿಯಲ್ಲಿ ಬೆರಳಿಟ್ಟುಕೊಂಡು ಕೇಳಿದರೆ ನಮಗೆ ಹೇಗೆ ಕೇಳಿಸುತ್ತದೆಯೋ, ಅವನಿಗೆ ಹೆಚ್ಚುಕಡಿಮೆ ಹಾಗೆ ಕೇಳಿಸುತ್ತಿರಬಹುದು ಎಂದು ವೈದ್ಯರು ಹೇಳಿದರು. ಬಹಳಷ್ಟು ಮಕ್ಕಳಲ್ಲಿ ಇದು ಮೂರು ತಿಂಗಳೊಳಗೆ ತಾನಾಗಿಯೇ ಇಂಗುತ್ತದೆಯಂತೆ. ಆಮೇಲೆ ಮತ್ತೆ ಪರೀಕ್ಷೆ ಮಾಡಿ, ನೀರು ಉಳಿದಿದ್ದರೆ ಮುಂದಿನದನ್ನು ಯೋಚಿಸೋಣ ಎಂದಿದ್ದಾರೆ. ಅಲ್ಲಿಯವರೆಗೆ ಎದುರಿಗೆ ಕುಳಿತು, ಮುಖ ಕಾಣುವಂತೆ, ಸ್ಪಷ್ಟವಾಗಿ ಮಾತಾಡಬೇಕಂತೆ.

ನಾನು ಬರೀ ಆಟಿಕೆಯ ಬಗ್ಗೆ ಕೇಳಲು ಬಂದಿದ್ದೆ. ಮಾತಿನ ಮನೆ ಮೇಡಂ, ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ನಾನು ಬೇಡವೆಂದದ್ದು ತಪ್ಪಾಯಿತು, ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮಗು ಬೇಗ ಗುಣವಾಗಲಿ.

ಮಾತಿನ ಮನೆ, ಹಾಸನ

ನೀವಿಬ್ಬರೂ ಬರೆದದ್ದು ಓದಿ ಮನಸ್ಸು ತುಂಬಿತು. ಇನ್ನು ಮುಚ್ಚಳವನ್ನು ಕಿತ್ತುಕೊಳ್ಳಬೇಡಿ, ಅದನ್ನೇ ಬಳಸಿಕೊಳ್ಳಿ. ಅವನ ಎದುರಿಗೆ ನೆಲದ ಮೇಲೆ ಕುಳಿತು, ಮುಚ್ಚಳವನ್ನು ನಿಲ್ಲಿಸಿ ಹಿಡಿದುಕೊಳ್ಳಿ, ಅವನು ನಿಮ್ಮ ಮುಖ ನೋಡುವ ತನಕ ಕಾಯಿರಿ. ನೋಡಿದ ಕೂಡಲೇ "ಬಿಡಲಾ?" ಎಂದು ಕೇಳಿ ಬಿಡಿ. ಮಲಗಿದಾಗ "ಬಿತ್ತು" ಎನ್ನಿ. ದಿನವೂ ಅದೇ ಎರಡು ಮಾತು, ಅದೇ ಜಾಗದಲ್ಲಿ ಬರಲಿ.

ತುಂಗಭದ್ರೆ, ದಾವಣಗೆರೆ (ಇನ್ನೂ ಎರಡು ವಾರಗಳ ನಂತರ)

ಮೇಡಂ ಹೇಳಿದಂತೆ ದಿನವೂ ಮಾಡುತ್ತಿದ್ದೇವೆ. ಹಾಡುವ ರೈಲಿನ ಬ್ಯಾಟರಿ ತೆಗೆದಿದ್ದೇವೆ, ನಾಲ್ಕು ಆಟಿಕೆಗಳು ಮಾತ್ರ ಹೊರಗಿವೆ. ಅತ್ತೆಯವರು ಅಟ್ಟದಿಂದ ಹಿತ್ತಾಳೆಯ ಪಾವು, ಚಟಾಕು ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತಂದರು. ಅವರೇ ಮೊಮ್ಮಗನ ಎದುರು ಕಾಲು ಚಾಚಿ ಕುಳಿತು ಒಂದರೊಳಗೊಂದು ಕೂರಿಸಿ ತೋರಿಸುತ್ತಾರೆ.

ಇವತ್ತು ಬೆಳಿಗ್ಗೆ ಅವರ ಕೈಯಿಂದ ಚಟಾಕು ಜಾರಿತು. ಅವನು ಅಜ್ಜಿಯ ಮುಖ ನೋಡಿ "ಬಿತ್ತು" ಎಂದ. ಒಂಬತ್ತನೆಯ ಪದ.